ವಾರಕ್ಕೊಂದು ಶೈಲಿ ಬೇಡ, ಒಂದೇ ಮದನಿಕೆ ಸಾಕು

ಪ್ರಶ್ನೆ: ನಾನು ಹಾಸನದಲ್ಲಿ ದೃಶ್ಯಕಲೆ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಪೆನ್ಸಿಲ್, ಜಲವರ್ಣ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ದೀಪಾವಳಿಗೆ ಅಣ್ಣ ಸಣ್ಣದೊಂದು ಪೆನ್ ಟ್ಯಾಬ್ಲೆಟ್ ಕೊಡಿಸಿದ. ಮನೆಯ ಹಳೇ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿಕೊಂಡು ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಿಡಿಸುತ್ತಿದ್ದೇನೆ. ಆದರೆ ಕಾಗದದ ಮೇಲೆ ಬರುವ ಗೆರೆ ಪರದೆಯ ಮೇಲೆ ಬರುವುದಿಲ್ಲ, ಸತ್ತಂತೆ ಕಾಣುತ್ತದೆ. ವಿಡಿಯೊ ನೋಡಿ ನೂರಾರು ಬ್ರಷ್ ಇಳಿಸಿಕೊಂಡಿದ್ದೇನೆ, ವಾರಕ್ಕೊಂದು ಶೈಲಿ ಪ್ರಯತ್ನಿಸುತ್ತೇನೆ, ಯಾವುದೂ ಮುಗಿಯುವುದಿಲ್ಲ. ಸೀನಿಯರ್‌ಗಳು ಐಪ್ಯಾಡ್ ಇಲ್ಲದೆ ಆಗಲ್ಲ ಅನ್ನುತ್ತಾರೆ. ನಮ್ಮ ಸರ್ ಕೇಳಿದರೆ, ಅದೆಲ್ಲ ಕಂಪ್ಯೂಟರ್ ಮಾಡೋ ಕೆಲಸ ಅನ್ನುತ್ತಾರೆ. ಬೇರೆ ಬೇರೆ ತಂತ್ರಗಳನ್ನು ಪ್ರಯೋಗ ಮಾಡಿ ಕಲಿಯುವುದು ಹೇಗೆ? ಮುಂದೆ ಕಥೆ ಪುಸ್ತಕಗಳಿಗೆ ಚಿತ್ರ ಬರೆಯುವ ಆಸೆ ಇದೆ.
– ಓದುಗಿ, ಆಲೂರು

ಉತ್ತರ: ಮೊದಲು ಐಪ್ಯಾಡಿನ ವಿಷಯ ಮುಗಿಸಿಬಿಡೋಣ. ಬೇಕಿಲ್ಲ. ಮೂರು-ನಾಲ್ಕು ಸಾವಿರಕ್ಕೆ ಸಿಗುವ ಪೆನ್ ಟ್ಯಾಬ್ಲೆಟ್‌ಗಳ ಡಬ್ಬಿಯ ಮೇಲೂ ಈಗ ಪೆನ್ನಿನ 8192 ಹಂತದ ಒತ್ತಡ ಗುರುತಿಸುತ್ತದೆ ಎಂದು ಬರೆದಿರುತ್ತದೆ. ಅಷ್ಟು ಹಂತಗಳ ವ್ಯತ್ಯಾಸ ಯಾರ ಕೈಗೂ ಗೊತ್ತಾಗುವುದಿಲ್ಲ. ಕ್ರಿಟಾಕ್ಕೆ ದುಡ್ಡು ಕೊಡಬೇಕಾಗಿಲ್ಲ, ಅದರಲ್ಲಿ ಇಲ್ಲದ ಸಲಕರಣೆ ನಿಮಗೆ ಪದವಿ ಮುಗಿಯುವವರೆಗೆ ಬೇಕಾಗುವುದೂ ಇಲ್ಲ. ಪರದೆಯ ಮೇಲೇ ಬಿಡಿಸುವಾಗ ಕೈ ಇದ್ದಲ್ಲೇ ಕಣ್ಣೂ ಇರುತ್ತದೆ, ಆ ಸುಖ ನಿಜ. ಕೆಳಗೆ ಕೈಯಾಡಿಸುತ್ತ ಎದುರಿಗೆ ನೋಡುವುದು ಮೊದಮೊದಲು ಹಿಂಸೆ. ಆದರೆ ಅದು ಅಭ್ಯಾಸದಿಂದ ಹೋಗುವ ಹಿಂಸೆ, ಸಾಲ ಮಾಡಿ ಕಳೆದುಕೊಳ್ಳಬೇಕಾದದ್ದಲ್ಲ.

ಇನ್ನು ಸತ್ತ ಗೆರೆ. ಕೈಯನ್ನು ಬೈಯುವ ಮೊದಲು ಟ್ಯಾಬ್ಲೆಟ್‌ನ ಡ್ರೈವರ್ (ಅದನ್ನು ಲ್ಯಾಪ್‌ಟಾಪಿಗೆ ಹೊಂದಿಸುವ ತಂತ್ರಾಂಶ) ಸೆಟ್ಟಿಂಗ್ ತೆರೆದು ನೋಡಿ. ಸಣ್ಣ ಟ್ಯಾಬ್ಲೆಟ್‌ಗಳಲ್ಲಿ ಬಿಡಿಸುವ ಜಾಗ ಹೆಚ್ಚುಕಡಿಮೆ 6 ಇಂಚು ಅಗಲ, 4 ಇಂಚು ಎತ್ತರ ಇರುತ್ತದೆ, ಅಂದರೆ 3ಕ್ಕೆ 2. ಲ್ಯಾಪ್‌ಟಾಪ್ ಪರದೆ ಸಾಮಾನ್ಯವಾಗಿ 16ಕ್ಕೆ 9. ಟ್ಯಾಬ್ಲೆಟ್‌ನ ಪೂರ್ತಿ ಜಾಗವನ್ನು ಪರದೆಯ ಪೂರ್ತಿ ಜಾಗಕ್ಕೆ ಹೊಂದಿಸಿಟ್ಟರೆ ಅಡ್ಡ ಚಲನೆ ಹಿಗ್ಗುತ್ತದೆ. ಒಂದು ಗಾಜಿನ ಬಳೆಯನ್ನು ಅದರ ಮೇಲಿಟ್ಟು ಒಳಸುತ್ತಿನಲ್ಲಿ ಪೆನ್ ಆಡಿಸಿ. ಈ ಲೆಕ್ಕದಲ್ಲಿ ಪರದೆಯ ಮೇಲೆ ಬರುವುದು ಎತ್ತರಕ್ಕಿಂತ ಶೇ. 18ರಷ್ಟು ಅಗಲವಾದ ಅಂಡಾಕಾರ. ಇಷ್ಟು ವರ್ಷ ಕಾಗದದ ಮೇಲೆ ಕಲಿತ ದುಂಡನ್ನು ಯಂತ್ರ ಪ್ರತಿ ಸಲವೂ ಎಳೆದು ಅಗಲ ಮಾಡುತ್ತಿದ್ದರೆ ಗೆರೆಗೆ ಧೈರ್ಯ ಎಲ್ಲಿಂದ ಬರಬೇಕು? ಡ್ರೈವರಿನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಟ್ಯಾಬ್ಲೆಟ್‌ನ ಅಂಚಿನಲ್ಲಿ ಒಂದು ಪಟ್ಟಿ ಕೆಲಸಕ್ಕೆ ಬಾರದೆ ಹೋಗುತ್ತದೆ, ಹೋಗಲಿ.

ಮುಂದಿನದು ಸ್ಟೆಬಿಲೈಸರ್. ನಡುಗುವ ಕೈಯ ಗೆರೆಯನ್ನು ನಯ ಮಾಡಲು ತಂತ್ರಾಂಶ ಪೆನ್ ಹಾದು ಬಂದ ಹಲವು ಬಿಂದುಗಳ ಸರಾಸರಿ ತೆಗೆದು ಎಳೆಯುತ್ತದೆ. ಸರಾಸರಿ ತೆಗೆದಾಗ ನಡುಕ ಹೋಗುತ್ತದೆ, ಜೊತೆಗೆ ನೀವು ಬೇಕೆಂದೇ ಕೊಟ್ಟ ತಿರುವು, ತಟ್ಟನೆ ನಿಂತ ತುದಿ, ಒತ್ತಿ ಬಿಟ್ಟ ದಪ್ಪ ಎಲ್ಲವೂ ಸವೆಯುತ್ತವೆ. ನೀವು ಸತ್ತದ್ದು ಅನ್ನುತ್ತಿರುವುದು ಬಹುಶಃ ಇದನ್ನೇ. ಕ್ರಿಟಾದಲ್ಲಿ ಬ್ರಷ್ ಸ್ಮೂದಿಂಗ್ ಎಂಬಲ್ಲಿ ‘ಬೇಸಿಕ್’ ಇಡಿ, ಅಥವಾ ಪೂರ್ತಿ ತೆಗೆಯಿರಿ. ಕೆಲವು ವಾರ ಗೆರೆ ಕೆಟ್ಟದಾಗಿಯೇ ಬರುತ್ತದೆ.

ಜೂಮ್ ಕೂಡ ಗೆರೆ ಕೊಲ್ಲುತ್ತದೆ. ಎ4 ಹಾಳೆ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ, 2480 × 3508 ಪಿಕ್ಸೆಲ್. ನಿಮ್ಮ ಹಳೇ ಲ್ಯಾಪ್‌ಟಾಪಿನ ಪರದೆಯ ಎತ್ತರ 768 ಪಿಕ್ಸೆಲ್ ಇದ್ದರೆ, ಇಡೀ ಹಾಳೆ ಕಾಣಬೇಕಾದರೆ ಅದು ಐದನೇ ಒಂದು ಪಾಲಿಗೆ ಕುಗ್ಗಬೇಕು. ಕುಗ್ಗಿದ್ದು ಸರಿಯಾಗಿ ಕಾಣುವುದಿಲ್ಲವೆಂದು ಎಲ್ಲರೂ ಒಳಹೊಕ್ಕು ಒಂದು ಕಣ್ಣುರೆಪ್ಪೆಯನ್ನೇ ಅರ್ಧ ಗಂಟೆ ತಿದ್ದುತ್ತ ಕೂರುತ್ತಾರೆ. ಅಭ್ಯಾಸಕ್ಕೆ ಉದ್ದನೆಯ ಬದಿ 1500 ಪಿಕ್ಸೆಲ್ ಇರುವ ಕ್ಯಾನ್ವಾಸ್ ಸಾಕು. ಇಡೀ ಚಿತ್ರ ಕಣ್ಣ ಮುಂದಿರುತ್ತದೆ, ಹಳೇ ಯಂತ್ರವೂ ಏದುಸಿರು ಬಿಡುವುದಿಲ್ಲ.

ಅನ್‌ಡೂ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಗೆರೆ ಅಭ್ಯಾಸ ಮಾಡುವಾಗ ಅದನ್ನು ಮುಟ್ಟಲೇಬೇಡಿ. ಕಂಟ್ರೋಲ್-ಝಡ್ ಒತ್ತಿ ಒತ್ತಿ ಹತ್ತನೇ ಸಲ ಎಳೆದ ಗೆರೆ ಮೊದಲನೆಯದಕ್ಕಿಂತ ನಿಧಾನ, ಮೊದಲನೆಯದಕ್ಕಿಂತ ಪುಕ್ಕಲು. ತಪ್ಪಿದರೆ ಹೊಸ ಲೇಯರ್ (ಚಿತ್ರದ ಮೇಲೆ ಇಡುವ ಪಾರದರ್ಶಕ ಪದರ) ತೆರೆದು ಪಕ್ಕದಲ್ಲಿ ಮತ್ತೆ ಎಳೆಯಿರಿ, ಹಳೆಯದನ್ನು ಮರೆಮಾಡಿ, ಅಳಿಸಬೇಡಿ. ಹಾಸನಾಂಬೆಯ ದರ್ಶನದ ಸಾಲಿನಲ್ಲಿ ನಿಂತವರನ್ನು ಯಾರಾದರೂ ಸ್ಕೆಚ್ ಪುಸ್ತಕದಲ್ಲಿ ಬರೆಯುತ್ತಿದ್ದರೆ ಅವರ ಕೈ ನೋಡಿ. ಸಾಲು ಮುಂದೆ ಸರಿಯುತ್ತಿರುತ್ತದೆ, ತಿದ್ದಲು ಪುರುಸೊತ್ತಿಲ್ಲ, ಅದಕ್ಕೇ ಆ ಗೆರೆಯಲ್ಲಿ ಜೀವ ಇರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ವಾರಕ್ಕೊಂದು ಶೈಲಿ ಎಂದು ಬರೆದಿದ್ದೀರಿ. ಪ್ರತಿ ಸಲವೂ ವಿಷಯ ಬೇರೆ, ಬ್ರಷ್ ಬೇರೆ, ಬಣ್ಣ ಬೇರೆ, ಹಾಳೆಯ ಅಳತೆ ಬೇರೆ. ಚಿತ್ರ ಕೆಟ್ಟರೆ ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಚೆನ್ನಾಗಿ ಬಂದರೆ ಇನ್ನೂ ಕಷ್ಟ, ಯಾಕೆ ಬಂತೆಂದು ಗೊತ್ತಿಲ್ಲದೆ ಮತ್ತೆ ತರಿಸಲಾಗುವುದಿಲ್ಲ. ಪಿಯುಸಿಯಲ್ಲಿ ಲ್ಯಾಬ್ ಇದ್ದಿದ್ದರೆ ಇದು ನಿಮಗೆ ಗೊತ್ತಿರುತ್ತದೆ: ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಇಡು. ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಮಾತ್ರ ಪ್ರಯೋಗವೆಂದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಸ್ವಾತಂತ್ರ್ಯ ಎಂದು ಯಾರು ಹೇಳಿಕೊಟ್ಟರೋ ತಿಳಿಯದು.

ಆದ್ದರಿಂದ ಒಂದು ವಿಷಯ ಹಿಡಿಯಿರಿ, ಅದನ್ನು ಕೆಲವು ತಿಂಗಳು ಬಿಡಬೇಡಿ. ನೀವಿರುವ ಜಿಲ್ಲೆಯಲ್ಲಿ ಹುಡುಕುವ ಕಷ್ಟವೇ ಇಲ್ಲ. ಬೇಲೂರಿಗೆ ಹೋಗಿ ಒಬ್ಬ ಮದನಿಕೆಯನ್ನು ಆರಿಸಿಕೊಳ್ಳಿ. ಎಲ್ಲರೂ ದರ್ಪಣಸುಂದರಿಯ ಮುಂದೆ ನಿಲ್ಲುತ್ತಾರೆ, ನೀವು ಯಾರೂ ನೋಡದ ಒಬ್ಬಳನ್ನು ಹಿಡಿದರೆ ಒಳ್ಳೆಯದು, ನೆಮ್ಮದಿಯಾಗಿ ಕೂರಬಹುದು. ಕ್ಯಾಮೆರಾಕ್ಕೆ ಮೊದಲು ಪೆನ್ಸಿಲ್ ತೆಗೆಯಿರಿ. ಅಲ್ಲೇ ಕೂತು ಮಾಡಿದ ಒಂದು ರೇಖಾಚಿತ್ರ, ಆಮೇಲೆ ನೆನಪಿಗೆ ನಾಲ್ಕು ಫೋಟೊ. ಆ ರೇಖಾಚಿತ್ರವನ್ನು ಸ್ಕ್ಯಾನ್ ಮಾಡಿ ಒಂದು ಕಡತದಲ್ಲಿಡಿ. ಮುಂದಿನ ಎಲ್ಲ ಪ್ರಯೋಗಕ್ಕೂ ಅದೇ ತಳ, ಅದೇ ಅಳತೆ.

ಮದನಿಕೆಯನ್ನೇ ಹೇಳಲು ಕಾರಣವಿದೆ. ಈ ವಿಗ್ರಹಗಳು ಸೂರಿನ ಕೆಳಗೆ ಓರೆಯಾಗಿ ನಿಂತಿವೆ. ಬಿಸಿಲೇರಿದ ಮೇಲೆ ನೇರ ಬೆಳಕು ಅವುಗಳಿಗೆ ಸಿಗುವುದು ಕಡಿಮೆ. ಬಿಸಿಲು ಕೆಳಗಿನ ಜಗತಿಯ, ಅಂದರೆ ದೇವಾಲಯ ನಿಂತಿರುವ ಕಟ್ಟೆಯ, ಕಲ್ಲುಹಾಸಿಗೆ ಬಿದ್ದು, ಅಲ್ಲಿಂದ ಪುಟಿದು ಮೇಲೆ ಬರುತ್ತದೆ. ಗಲ್ಲದ ಕೆಳಭಾಗ, ಮೂಗಿನ ಕೆಳಭಾಗ, ತೋಳಿನ ಒಳಬದಿ ಬೆಳಗುತ್ತವೆ. ನೆರಳು ಕೆಳಗೆ, ಬೆಳಕು ಮೇಲೆ ಎಂದು ಬಾಯಿಪಾಠ ಮಾಡಿಕೊಂಡ ಕೈಗೆ ಇದು ತಲೆಕೆಳಗು. ಜೊತೆಗೆ ಬಳಪದ ಕಲ್ಲನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆಂದರೆ ಒಡವೆಯ ಹಿಂದೆ, ಬಳ್ಳಿಯ ಎಲೆಗಳ ಹಿಂದೆ ಕಪ್ಪು ತೂತುಗಳೇ ಇವೆ. ಬೆಳಕಿನ ಎಲ್ಲ ಮೆಟ್ಟಿಲೂ ಒಂದೇ ವಿಗ್ರಹದಲ್ಲಿ ಸಿಕ್ಕುತ್ತದೆ, ಬಣ್ಣದ ಗೊಡವೆ ಇಲ್ಲದೆ.

ಮೊದಲ ಪ್ರಯೋಗ ಮೂರೇ ಟೋನಿನದು, ಅಂದರೆ ಬೆಳಕು-ನೆರಳಿನ ಮೂರೇ ಮೆಟ್ಟಿಲು. ಕಪ್ಪಿಗೆ ಹತ್ತಿರದ್ದೊಂದು, ನಡುವಿನದೊಂದು, ತಿಳಿಯದ್ದೊಂದು. ಅಂಚು ಗಟ್ಟಿಯಾದ ದುಂಡು ಬ್ರಷ್, ಅಪಾರದರ್ಶಕತೆ 100. ಮೆತ್ತನೆಯ ಏರ್‌ಬ್ರಷ್ ಕೂಡದು. ಎಲ್ಲಿ ಗೊಂದಲವಾಗುತ್ತದೋ ಅಲ್ಲಿ ಮಸುಕು ಮಾಡಿ ಪಾರಾಗಲು ಏರ್‌ಬ್ರಷ್ ಬಿಡುತ್ತದೆ. ಗಟ್ಟಿ ಬ್ರಷ್ ಬಿಡುವುದಿಲ್ಲ. ಮೊಣಕಾಲು ನಡು ಟೋನಿಗೆ ಸೇರುತ್ತದೋ ಕಪ್ಪಿಗೋ ಎಂದು ತೀರ್ಮಾನ ಮಾಡಲೇಬೇಕಾಗುತ್ತದೆ. ನಿಮಗೆ ಜಲವರ್ಣ ಬರುವುದರಿಂದ ಇಲ್ಲಿ ಒಂದು ಎಡವಟ್ಟು ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಜಲವರ್ಣದಲ್ಲಿ ಬಿಳಿಯನ್ನು ಬಿಟ್ಟು ಬಿಟ್ಟು ಹೋಗಿ ರೂಢಿ. ಪರದೆಯಲ್ಲಿ ಬಿಳಿ ಹಾಳೆಯಿಂದ ಶುರು ಮಾಡಬೇಡಿ. ಕ್ಯಾನ್ವಾಸ್ ತುಂಬ ನಡು ಟೋನ್ ಸುರಿದು ಒಂದು ಕಡೆ ಕಪ್ಪಿಗೆ, ಇನ್ನೊಂದು ಕಡೆ ತಿಳಿಗೆ ಹೋಗಿ.

ಇದು ಒಂದು ಹದಕ್ಕೆ ಬಂದ ಮೇಲೆ ಅದೇ ಕಡತದ ನಕಲು ತೆಗೆದು ಒಂದನ್ನು ಮಾತ್ರ ಬದಲಿಸಿ: ಕಪ್ಪು ಟೋನನ್ನು ನೇರ ಬಳಿಯುವ ಬದಲು ಮಲ್ಟಿಪ್ಲೈ ಲೇಯರಿನಲ್ಲಿ ಹಾಕಿ. ಹೆಸರೇ ಹೇಳುವಂತೆ ಅದು ಗುಣಾಕಾರ. ಕಪ್ಪನ್ನು 0, ಬಿಳಿಯನ್ನು 1 ಎಂದಿಟ್ಟುಕೊಂಡರೆ ಕೆಳಗಿನ ಬಣ್ಣವನ್ನು ಮೇಲಿನದರಿಂದ ಗುಣಿಸುತ್ತದೆ. 0.5 ರ ಬೂದಿಯ ಮೇಲೆ 0.5 ರ ಬೂದಿ ಬಿದ್ದರೆ 0.25. ಬಿಳಿ ಎಂದರೆ 1, ಯಾವುದನ್ನು ಗುಣಿಸಿದರೂ ಬದಲಾಗದು, ಅದಕ್ಕೇ ಬಿಳಿ ಕಾಗದದ ಸ್ಕ್ಯಾನ್ ಮಲ್ಟಿಪ್ಲೈನಲ್ಲಿ ಇಟ್ಟರೆ ಕಾಗದ ಮಾಯವಾಗಿ ಪೆನ್ಸಿಲ್ ಗೆರೆ ಮಾತ್ರ ಉಳಿಯುತ್ತದೆ. ಸ್ಕ್ರೀನ್ ಎಂಬ ಇನ್ನೊಂದು ಬಗೆ ಇದರ ಉಲ್ಟಾ: ಎರಡನ್ನೂ ತಿರುಗಿಸಿ (1ರಿಂದ ಕಳೆದು) ಗುಣಿಸಿ ಮತ್ತೆ ತಿರುಗಿಸುತ್ತದೆ, ಅದೇ ಎರಡು ಬೂದಿಗೆ 0.75 ಬರುತ್ತದೆ. ಒಣಗಿದ ಜಲವರ್ಣದ ಮೇಲೆ ಇನ್ನೊಂದು ತೆಳು ಪದರ ಹಾಕಿದ ಅನುಭವ ನಿಮಗಿದೆ, ಮಲ್ಟಿಪ್ಲೈ ಅದಕ್ಕೆ ಹತ್ತಿರ.

ಆದರೆ ಎಲ್ಲ ಹೊಸಬರೂ ಮಲ್ಟಿಪ್ಲೈ ಲೇಯರಿನಲ್ಲಿ ಬರೀ ಬೂದಿ ಬಳಿದು ನೆರಳು ಎನ್ನುತ್ತಾರೆ. ಚರ್ಮ, ಸೀರೆ, ಗೋಡೆ, ಎಲ್ಲಕ್ಕೂ ಒಂದೇ ಮಸಿ. ಬೂದಿಯಿಂದ ಗುಣಿಸಿದರೆ ಕೆಂಪು, ಹಸಿರು, ನೀಲಿ ಮೂರೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಬಣ್ಣದ ಸ್ವಭಾವ ಬದಲಾಗುವುದಿಲ್ಲ. ಹೊರಗಡೆ ನೆರಳು ಹಾಗಿರುವುದಿಲ್ಲ. ಬಿಸಿಲು ತಾಗದ ಕಡೆ ಆಕಾಶದ ನೀಲಿ ಬೆಳಕು ಇರುತ್ತದೆ, ಬೇಲೂರಿನ ಸೂರಿನ ಕೆಳಗೆ ಕಲ್ಲುಹಾಸಿನ ಬೆಚ್ಚನೆಯ ಬೆಳಕೂ ಸೇರುತ್ತದೆ. ಬೂದಿಯ ಜಾಗದಲ್ಲಿ ನಸು ನೇರಳೆ ಹಾಕಿ ನೋಡಿ, ಆಮೇಲೆ ನಸು ಕಂದು. ಎರಡು ಕಡತ ಪಕ್ಕಪಕ್ಕ ಇಟ್ಟರೆ ಯಾವುದರಲ್ಲಿ ಕಲ್ಲು ಬೇಲೂರಿನದು ಅನ್ನಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಪ್ರತಿ ಕಡತದ ಹೆಸರಿನಲ್ಲೇ ಏನು ಬದಲಿಸಿದಿರಿ ಎಂದು ಬರೆಯಿರಿ. ‘ಮದನಿಕೆ-ಮಲ್ಟಿಪ್ಲೈ-ನೇರಳೆ’ ಎಂಬ ಹೆಸರು ‘ಫೈನಲ್-ಫೈನಲ್-2’ಕ್ಕಿಂತ ಎಷ್ಟೋ ಮೇಲು. ಕೆಟ್ಟದ್ದನ್ನೂ ಉಳಿಸಿ. ಹೋಲಿಸಲು ಕೆಟ್ಟದ್ದು ಬೇಕು.

ಬ್ರಷ್‌ಗಳ ವಿಷಯಕ್ಕೆ ಬರುತ್ತೇನೆ. ಇಳಿಸಿಕೊಂಡ ನೂರಾರು ಬ್ರಷ್‌ಗಳನ್ನು ಅಳಿಸಬೇಕಿಲ್ಲ, ಕ್ರಿಟಾದಲ್ಲಿ ಬಂಡಲ್‌ಗಳನ್ನು (ಬ್ರಷ್‌ಗಳ ಕಟ್ಟು) ನಿಷ್ಕ್ರಿಯ ಮಾಡಿ ಇಡಬಹುದು. ಎರಡು ಉಳಿಸಿಕೊಳ್ಳಿ: ಒಂದು ದುಂಡು, ಒಂದು ಸೀಮೆಸುಣ್ಣದಂಥ ಒರಟು. ಬೇರೊಬ್ಬರ ಬ್ರಷ್ ಬೇರೊಬ್ಬರ ಕೈಯ ಒತ್ತಡಕ್ಕೆ ಹದ ಮಾಡಿದ್ದು, ಅವರ ವಿಡಿಯೊದಲ್ಲಿ ಚಂದ ಕಂಡದ್ದು ನಿಮ್ಮಲ್ಲಿ ಕಾಣದಿರುವುದಕ್ಕೆ ಅರ್ಧ ಕಾರಣ ಅದೇ. ಬೇಲೂರಿನ ಕೆಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ಎಲ್ಲರಿಗೂ ಒಂದೇ ಕಲ್ಲು, ಒಂದೇ ಬಗೆಯ ಉಳಿ, ಸೂರಿನ ಕೆಳಗೆ ಅಷ್ಟೇ ಜಾಗ. ಆದರೂ ಒಬ್ಬನ ಸೊಂಟದ ಬಾಗು ಇನ್ನೊಬ್ಬನದಲ್ಲ. ಸಲಕರಣೆ ಒಂದೇ ಆದಾಗಲೇ ಕೈ ಬೇರೆ ಎಂಬುದು ಕಾಣಿಸಿದ್ದು. ಸೀನಿಯರ್‌ಗಳು ಹೇಳುವ ‘ಸ್ವಂತ ಶೈಲಿ’ಯನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಹೊಸ ಬ್ರಷ್ ಬೇಕೇ ಬೇಕು ಅನ್ನಿಸಿದರೆ ನೀವೇ ಮಾಡಿ. ಸಿಲ್ವರ್ ಓಕಿನ ಎಲೆಯೋ ಅಡಿಕೆ ಹಾಳೆಯ ತುಂಡೋ ತನ್ನಿ, ಕಪ್ಪು ಇಂಕ್ ಸವರಿ ಬಿಳಿ ಕಾಗದಕ್ಕೆ ಒತ್ತಿ. ಒಣಗಿದ ಮೇಲೆ ಫೋಟೊ ತೆಗೆದು ಕಪ್ಪು-ಬಿಳಿ ಮಾಡಿ, ಕಾಂಟ್ರಾಸ್ಟ್ ಏರಿಸಿ ಕಾಗದದ ಬೂದಿಯನ್ನು ಪೂರ್ತಿ ಬಿಳಿಗೆ ತನ್ನಿ. ಆಮೇಲೆ ಕ್ರಿಟಾದ ಬ್ರಷ್ ಎಡಿಟರಿನಲ್ಲಿ ಅದನ್ನು ಬ್ರಷ್ ತುದಿಯಾಗಿ ಸೇರಿಸಿ. ಕಪ್ಪು ಇದ್ದಲ್ಲಿ ಬಣ್ಣ ಬೀಳುತ್ತದೆ, ಬಿಳಿ ಇದ್ದಲ್ಲಿ ಇಲ್ಲ. ಎರಡು ಒತ್ತುಗಳ ನಡುವಿನ ಅಂತರವನ್ನು ಸ್ಪೇಸಿಂಗ್ ಹೇಳುತ್ತದೆ. ಹತ್ತಿರ ಇಟ್ಟರೆ ಗೆರೆ, ದೂರ ಇಟ್ಟರೆ ಅಚ್ಚು. ತಿರುಗುವ ಕೋನವನ್ನು ರ‍್ಯಾಂಡಮ್ ಮಾಡಿದರೆ ಒಂದೇ ಎಲೆ ಸಾಲಾಗಿ ನಿಂತ ಕೃತಕತೆ ಹೋಗುತ್ತದೆ. ಈ ಕೆಲಸ ಒಂದು ಸಲ ಮಾಡಿದರೆ ಬ್ರಷ್ ಎಂದರೆ ಒಳಗೆ ಏನಿದೆ ಎಂಬುದು ತಿಳಿದು, ಬೇರೆಯವರ ಬ್ರಷ್‌ಗಳ ಆಸೆ ತಾನಾಗಿ ಇಳಿಯುತ್ತದೆ. ಹಾಗೆಯೇ ನಿಮ್ಮದೇ ಜಲವರ್ಣದ ಪದರಗಳನ್ನು, ಡಿಕಾಕ್ಷನ್‌ನಲ್ಲಿ ಅದ್ದಿದ ಕಾಗದವನ್ನು ಸ್ಕ್ಯಾನ್ ಮಾಡಿ ಟೆಕ್ಸ್‌ಚರ್ ಆಗಿ ಇಟ್ಟುಕೊಳ್ಳಿ. ಕಾಗದದ ಮೇಲಿನ ನಿಮ್ಮ ಅಭ್ಯಾಸ ವ್ಯರ್ಥವಾಗದೆ ಪರದೆಗೆ ಬರುವ ದಾರಿ ಇದು.

ಬಣ್ಣಕ್ಕೆ ಮದನಿಕೆ ಸಾಲದು. ಇಲ್ಲಿ ಮಾತ್ರ ವಿಷಯ ಬದಲಿಸಿ ಚಿಕ್ಕಮಗಳೂರಿಗೆ ಬನ್ನಿ. ರತ್ನಗಿರಿ ಬೋರೆಯ ಮೇಲೆ ನಿಂತರೆ ಬೆಟ್ಟಗಳ ಸಾಲು ಕಾಣುತ್ತದೆ, ಕೈಮರ ದಾಟಿ ಗಿರಿಯ ಕಡೆ ಏರಿದರೆ ಇನ್ನೂ ಹತ್ತಿರ. ಗೆರೆಯೇ ಇಲ್ಲದೆ ಇದನ್ನು ಮಾಡಿ. ಆಕಾರದ ಸುತ್ತ ಗೆರೆ ಎಳೆದು ಆರಿಸುವ ಲಾಸೊ ಸಲಕರಣೆಯಿಂದ ಬೆಟ್ಟದ ಆಕಾರ ಕತ್ತರಿಸಿ ಒಂದೇ ಬಣ್ಣ ತುಂಬಿ, ಪ್ರತಿ ಬೆಟ್ಟಕ್ಕೂ ಒಂದು ಲೇಯರ್. ಐದು ಬೆಟ್ಟ, ಐದು ಬಣ್ಣ, ಮುಗಿಯಿತು.

ದೂರದ ಬೆಟ್ಟ ನೀಲಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಬಹಳ ಸಣ್ಣವು, ಗಿಡ್ಡ ಅಲೆಯ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯೇ ನೀಲಿಯ ತೆರೆಯಾಗುತ್ತದೆ. ಮಳೆ ನಿಂತು ಆಕಾಶ ತೊಳೆದ ದಿನಗಳಲ್ಲಿ ಮುಳ್ಳಯ್ಯನಗಿರಿ ಹಾಗೇ ಕಾಣುತ್ತದೆ. ಆದರೆ ಮುಂಗಾರಿನಲ್ಲಿ ಬಂದು ನೋಡಿ. ಆಗ ನಡುವೆ ಇರುವುದು ಮಂಜಿನ ಹನಿ. ಹನಿ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ, ತೆರೆ ಬಿಳಿ-ಬೂದಿಯಾಗುತ್ತದೆ. ಜುಲೈ ತಿಂಗಳ ಮಲೆನಾಡಿನ ಚಿತ್ರದಲ್ಲಿ ದೂರದ ಬೆಟ್ಟಕ್ಕೆ ನೀಲಿ ತುಂಬಿದ್ದು ಕಂಡರೆ ಬರೆದವರು ಪಾಠ ನೋಡಿದ್ದಾರೆ, ಬೆಟ್ಟ ನೋಡಿಲ್ಲ ಎಂದು ನನಗೆ ಗೊತ್ತಾಗಿಬಿಡುತ್ತದೆ. ಲೇಯರ್‌ನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಪ್ರತಿ ಬೆಟ್ಟದ ಮೇಲೆ, ಅದರ ಆಕಾರದ ಹೊರಗೆ ಹೋಗದಂತೆ ಕ್ಲಿಪ್ ಮಾಡಿದ ಒಂದು ತೆರೆಯ ಲೇಯರ್ ಇಟ್ಟು, ಹಿಂದಕ್ಕೆ ಹೋದಂತೆ ಅದರ ಅಪಾರದರ್ಶಕತೆ ಏರಿಸಿ. ತೆರೆಯ ಬಣ್ಣವೊಂದನ್ನೇ ಬದಲಿಸಿ ಅಕ್ಟೋಬರ್ ಮತ್ತು ಜುಲೈ ಎರಡನ್ನೂ ಮಾಡಿ. ಬೆಟ್ಟಗಳ ಮೂಲ ಬಣ್ಣ ಮುಟ್ಟಬೇಕಿಲ್ಲ.

ಹಸಿರಿನ ಬಗ್ಗೆ ಒಂದು ಎಚ್ಚರಿಕೆ, ಮಲೆನಾಡಿನಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬಣ್ಣ ಆರಿಸುವ ಚೌಕದಲ್ಲಿ ‘ವ್ಯಾಲ್ಯೂ’ ಎಂದು ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಶುದ್ಧ ಹಸಿರಿಗೂ ಶುದ್ಧ ನೀಲಿಗೂ ಅಲ್ಲಿ ಒಂದೇ ಸಂಖ್ಯೆ ಬರುತ್ತದೆ. ಆದರೆ ಪರದೆಯ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಪ್ರಖರತೆಯ ಸುಮಾರು ಶೇ. 72 ಹಸಿರಿನದು, ಶೇ. 21 ಕೆಂಪಿನದು, ಉಳಿದ ಶೇ. 7 ಮಾತ್ರ ನೀಲಿಯದು. ಅದಕ್ಕೇ ಗದ್ದೆಗೆ ಹಾಕಿದ ಹಸಿರು ಬೆಟ್ಟದ ಮೇಲೆ ಹತ್ತಿ ಕೂರುತ್ತದೆ. ಚಿತ್ರದ ಮೇಲೆ ಒಂದು ಬೂದಿ ಲೇಯರ್ ತುಂಬಿ ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರಿನೊಂದಿಗೆ ಬೆರೆಯುವ ಬಗೆ) ‘ಕಲರ್’ ಮಾಡಿ. ಬಣ್ಣ ಹೋಗಿ ಬೆಳಕು-ನೆರಳು ಮಾತ್ರ ಕಾಣುತ್ತದೆ. ಬೇಕಾದಾಗ ತೆರೆದು ಮುಚ್ಚಿ. ಕಾಫಿ ಹೂವಿನ ಕಾಲದಲ್ಲಿ, ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ, ಈ ಲೇಯರ್ ಇಟ್ಟುಕೊಂಡು ಒಂದು ಗಿಡ ಬಿಡಿಸಿ ನೋಡಿ. ಮರದ ನೆರಳಿನಲ್ಲಿರುವ ಬಿಳಿ ಹೂವಿಗಿಂತ ಬಿಸಿಲು ಬಿದ್ದ ಎಲೆಯ ಹೊಳಪು ಬೆಳ್ಳಗಿರುತ್ತದೆ. ಆ ಹೊಳಪು ಹಸಿರೂ ಅಲ್ಲ. ಕಾಫಿ ಎಲೆ ನುಣುಪು, ಅದರಲ್ಲಿ ಪ್ರತಿಫಲಿಸುವುದು ಆಕಾಶ. ಹೂವಿಗೆ ಶುದ್ಧ ಬಿಳಿ ಸುರಿದರೆ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ವೆಕ್ಟರ್ ಚಿತ್ರವನ್ನೂ ಒಮ್ಮೆ ಮುಟ್ಟಿ, ಆದರೆ ಈಗಲೇ ಮುಳುಗಬೇಡಿ. ಅಲ್ಲಿ ಪಿಕ್ಸೆಲ್ ಇಲ್ಲ, ಬಿಂದುಗಳ ನಡುವಿನ ವಕ್ರರೇಖೆಯ ಸಮೀಕರಣ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಸಾಕು. ಸಕಲೇಶಪುರದ ಮಂಜರಾಬಾದ್ ಕೋಟೆ ಇದಕ್ಕೆ ಹೇಳಿ ಮಾಡಿಸಿದ ಪಾಠ. 1792ರ ಹೊತ್ತಿಗೆ ಟಿಪ್ಪು ಕಟ್ಟಿಸಿದ್ದು, ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಒಂದು ಮೂಲೆ ಬಿಡಿಸಿ, ಕೇಂದ್ರದ ಸುತ್ತ 45 ಡಿಗ್ರಿಯಂತೆ ತಿರುಗಿಸಿ ಏಳು ನಕಲು ತೆಗೆದರೆ ಕೋಟೆ ನಿಂತಿತು. ಆಮೇಲೆ ಮೂಲ ಮೂಲೆಯನ್ನು ಸ್ವಲ್ಪ ಎಳೆದು ನೋಡಿ, ಕ್ಲೋನ್ ಮಾಡಿದ್ದರೆ ಉಳಿದ ಏಳೂ ಜೊತೆಗೇ ಬದಲಾಗುತ್ತವೆ. ಪುನರಾವರ್ತನೆ, ಸಮಮಿತಿ, ಅಕ್ಷರ, ಲಾಂಛನ ಇಂಥದ್ದಕ್ಕೆ ವೆಕ್ಟರ್. ಮದನಿಕೆಯ ಗಲ್ಲಕ್ಕೆ ಅಲ್ಲ.

ನಿಮ್ಮ ಸರ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ನೇರ ಗೆರೆ, ಸಮಮಿತಿ, ಪರ್ಸ್‌ಪೆಕ್ಟಿವ್ ಗೈಡ್, ಬಣ್ಣ ತುಂಬುವುದು, ಇವನ್ನು ಕಂಪ್ಯೂಟರ್ ಮಾಡುತ್ತದೆ ನಿಜ. ಮೊಣಕಾಲನ್ನು ಯಾವ ಟೋನಿಗೆ ಸೇರಿಸಬೇಕೆಂದು ಅದು ಹೇಳುವುದಿಲ್ಲ. ವಾದ ಮಾಡುವ ಬದಲು ತೋರಿಸಿ. ಕ್ರಿಟಾದ 5ನೇ ಆವೃತ್ತಿಯಿಂದ ರೆಕಾರ್ಡರ್ ಇದೆ, ನೀವು ಬಿಡಿಸುವುದನ್ನೆಲ್ಲ ಸೆರೆಹಿಡಿದು ವೇಗದ ವಿಡಿಯೊ ಮಾಡಿಕೊಡುತ್ತದೆ. ಬೇಲೂರಿನ ಪೆನ್ಸಿಲ್ ಚಿತ್ರ, ಮೂರು ಟೋನಿನ ಕಡತ, ಈ ವಿಡಿಯೊ ಮೂರನ್ನೂ ಒಟ್ಟಿಗೆ ಇಟ್ಟು ತಿದ್ದಿಕೊಡಿ ಸರ್ ಎಂದು ಕೇಳಿ. ಶರೀರ ರಚನೆಯ ತಪ್ಪುಗಳನ್ನು ಅವರು ನನಗಿಂತ ಚೆನ್ನಾಗಿ ಹಿಡಿಯುತ್ತಾರೆ. ಅದಕ್ಕೆ ಅವರಿಗೆ ಕ್ರಿಟಾ ಬರಬೇಕಾಗಿಲ್ಲ.

ಫೋಟೊದ ಮೇಲೆ ಟ್ರೇಸ್ ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ನೀವೇ ತೆಗೆದ ಫೋಟೊದ ಮೇಲೆ, ಕಲಿಯಲು, ಧಾರಾಳವಾಗಿ ಮಾಡಿ. ಮುಗಿದ ಮೇಲೆ ಫೋಟೊ ಮರೆಮಾಡಿ ಖಾಲಿ ಲೇಯರಿನಲ್ಲಿ ನೆನಪಿನಿಂದ ಮತ್ತೊಮ್ಮೆ ಬಿಡಿಸಿ, ಎಷ್ಟು ಕಲಿತಿರಿ ಎಂಬುದು ಆಗ ಕಾಣುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಬೇರೆಯವರ ಚಿತ್ರದ ಮೇಲೆ ಟ್ರೇಸ್ ಮಾಡಿ ನಿಮ್ಮ ಹೆಸರು ಹಾಕುವುದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ.

ಕಥೆ ಪುಸ್ತಕದ ಆಸೆ ಹೇಳಿದ್ದೀರಿ, ಆದ್ದರಿಂದ ಅಚ್ಚಿನ ಮಾತು ಸ್ವಲ್ಪ. ಅಭ್ಯಾಸಕ್ಕೆ 1500 ಪಿಕ್ಸೆಲ್ ಸಾಕು ಎಂದೆ, ಅಚ್ಚಿಗೆ ಹೋಗುವ ಚಿತ್ರವನ್ನು ಮೊದಲಿನಿಂದಲೇ 300 ಡಿಪಿಐ ಅಳತೆಯಲ್ಲಿ ಶುರು ಮಾಡಿ. ಸಣ್ಣದನ್ನು ಆಮೇಲೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಕತ್ತರಿಸುವ ಅಂಚಿಗೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚು ಬಿಡಿ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣಾಲಯ ನಾಲ್ಕು ಶಾಯಿಗಳಿಂದ ಮಾಡುತ್ತದೆ. ಪರದೆಯಲ್ಲಿ ಮಿನುಗುವ ಸಸಿಮಡಿಯ ಹಸಿರು ಶಾಯಿಯಲ್ಲಿ ಸಿಗುವುದೇ ಇಲ್ಲ, ಅಚ್ಚಾಗಿ ಬಂದಾಗ ಮಂಕಾಗಿರುತ್ತದೆ. ಕ್ರಿಟಾದಲ್ಲಿ ಸಾಫ್ಟ್ ಪ್ರೂಫಿಂಗ್ ಆನ್ ಮಾಡಿಕೊಂಡರೆ ಈ ಇಳಿತವನ್ನು ಬಿಡಿಸುವಾಗಲೇ ಅಂದಾಜು ಮಾಡಬಹುದು. ಅಲ್ಲಿ ಹಸಿರು ಇಳಿದರೆ ಸುತ್ತಲಿನ ಬಣ್ಣಗಳನ್ನು ಇನ್ನೂ ಇಳಿಸಿ, ಹಸಿರು ತಾನಾಗಿ ಎದ್ದು ಕಾಣುತ್ತದೆ.

ಚಿತ್ರದೊಳಗೆ ಕನ್ನಡ ಅಕ್ಷರ ಕೂರಿಸಬೇಕಾದಾಗ ಒತ್ತಕ್ಷರದ ಕಡೆ ಕಣ್ಣಿಡಿ. ಫೋಟೊಶಾಪಿನ ಹಳೇ ಆವೃತ್ತಿಗಳಲ್ಲಿ ಮಾಮೂಲಿ ಅಕ್ಷರ ಜೋಡಣೆ ಇದ್ದರೆ ಕನ್ನಡ ಒಡೆಯುತ್ತದೆ, ಒತ್ತು ಕೆಳಗೆ ಕೂರದೆ ಅರ್ಧಾಕ್ಷರವಾಗಿ ಪಕ್ಕಕ್ಕೆ ಬೀಳುತ್ತದೆ. ಅದರ ಟೈಪ್ ಆಯ್ಕೆಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ‘ವರ್ಲ್ಡ್ ರೆಡಿ’ ಜೋಡಣೆಗೆ ಬದಲಿಸಬೇಕು. ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟ್ ಹಾಕಿದರೆ ಸರಿಯಾಗಿಯೇ ಬರುತ್ತದೆ. ನೋಟೊ ಸಾನ್ಸ್ ಕನ್ನಡ, ಮಕ್ಕಳ ಪುಸ್ತಕಕ್ಕಾದರೆ ಬಾಲೂ ತಮ್ಮ, ಎರಡೂ ಉಚಿತ. ಪ್ರೆಸ್ಸಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಪಾತ್‌ಗೆ (ಫಾಂಟ್ ಬೇಡದ ಬರೀ ಆಕಾರಕ್ಕೆ) ಪರಿವರ್ತಿಸಿದ ಒಂದು ಪ್ರತಿ ಮಾಡಿ, ಇಲ್ಲದಿದ್ದರೆ ಅಲ್ಲಿನ ಯಂತ್ರದಲ್ಲಿ ನಿಮ್ಮ ಫಾಂಟ್ ಇಲ್ಲದೆ ಹೆಸರು ಚೌಕಗಳಾಗಿ ಅಚ್ಚಾಗಬಹುದು. ಪರಿವರ್ತಿಸದ ಮೂಲ ಕಡತ ನಿಮ್ಮ ಹತ್ತಿರವೇ ಇರಲಿ. ಕಾಗುಣಿತದ ತಪ್ಪು ಕೊನೆಯ ಗಳಿಗೆಯಲ್ಲೇ ಕಣ್ಣಿಗೆ ಬೀಳುವುದು, ಆಗ ತಿದ್ದಲು ಅದು ಬೇಕಾಗುತ್ತದೆ.